ತೊಟ್ಟಿಯ ತಳದ ಗೂಡು

ನಮ್ಮಪ್ಪ ದೊಡ್ಡಮುನಿಯಪ್ಪ ನಲವತ್ತು ವರ್ಷ ಕನಕಪುರದ ಕಡೆಯಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತವನು. ಒಳ್ಳೆಯ ಮನುಷ್ಯ, ಆದರೆ ಮಾರುವಾಗ ಮಹಾ ಕಿಲಾಡಿ. ಹರಾಜಿನ ತೊಟ್ಟಿಗೆ ಸುರಿಯುವಾಗ ಕಲೆ ಹಿಡಿದ ಗೂಡೆಲ್ಲ ತಳಕ್ಕೆ, ಬೆಳ್ಳಗೆ ಹೊಳೆಯುವುದು ಮೇಲಕ್ಕೆ. ಗೂಡು ಕೊಂಡು ನೂಲು ಬಿಚ್ಚುವ ಸುಹೇಲಣ್ಣ ಮಾತ್ರ ಪ್ರತಿಸಲವೂ ಮೊಣಕೈವರೆಗೆ ಕೈ ಇಳಿಸಿ ತಳದ ಹಿಡಿಯನ್ನು ಮೇಲೆತ್ತುತ್ತಿದ್ದರು. ಆಗ ಅಪ್ಪ ಬೇರೆಲ್ಲೋ ನೋಡುತ್ತಿದ್ದ.

ಎಪ್ಪತ್ತಾರನೇ ವಯಸ್ಸಿಗೆ ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಯಿತು. ಗ್ರಂಥಿಯನ್ನೇ ತೆಗೆಯಬಹುದು, ಇಲ್ಲವೇ ಇಂಜೆಕ್ಷನ್, ರೇಡಿಯೇಷನ್ ಕೊಡಬಹುದು ಎಂದರು ಡಾಕ್ಟರು. ಈ ವಯಸ್ಸಿನಲ್ಲಿ ಕೊಯ್ದರೆ ರಕ್ತ ಹೆಚ್ಚು ಹೋಗಬಹುದು, ಮೂತ್ರ ತಿಂಗಳುಗಟ್ಟಲೆ ಸೋರಬಹುದು, ಹೃದಯ ಗಟ್ಟಿಯಿಲ್ಲದಿದ್ದರೆ ಜೀವಕ್ಕೇ ಅಪಾಯ ಎಂದೂ ಬಿಡಿಸಿ ಹೇಳಿದರು.

"ಕಿತ್ತು ಬಿಸಾಕ್ಬುಡಿ ಸಾ," ಎಂದ ಅಪ್ಪ. ಹಠ ಎಂದರೆ ಹಠ.

ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ಡಾಕ್ಟರ್ ಪದ್ಮಶ್ರೀ ಫೈಲ್ ಹಿಡಿದು ಬಂದರು. ಅಪ್ಪನನ್ನು ನೋಡಲು ಬಂದಿದ್ದ ಸುಹೇಲಣ್ಣ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು.

"ಎದೆನೋವು ಬಂದಿತ್ತಾ?"

"ಇಲ್ಲ ಮೇಡಂ."

"ನಡೆದರೆ ಏದುಸಿರು?"

"ಸೊಪ್ಪಿನ ಹೊರೆ ಹೊತ್ಕಂಡೇ ಓಡಾಡ್ತೀನಿ. ಕಲ್ಲಿದ್ದಂಗಿವ್ನಿ."

"ಬೇರೆ ಮಾತ್ರೆ ಏನಾದರೂ?"

"ಒಂದೂ ಇಲ್ಲ."

ಅಪ್ಪನ ಮುಖದಲ್ಲಿ ಹರಾಜಿನ ದಿನದ ಅದೇ ನಗು. ನನಗೆ ಅನುಮಾನ ಹುಟ್ಟಿತು. ಆದರೆ ಇಸಿಜಿಯಲ್ಲೂ ಏನೂ ಕಂಡಿರಲಿಲ್ಲ, ನಾನೇನೆಂದು ಕೇಳಲಿ? ಡಾಕ್ಟರ್ ಫೈಲ್ ಮುಚ್ಚಿದರು.

ಸುಹೇಲಣ್ಣ ಎದ್ದುನಿಂತರು. "ಒಸಿ ತಡೀರಿ ಮೇಡಂ. ಇವ್ರು ಮೇಲಿನ ಗೂಡು ತೋರುಸ್ತಾವ್ರೆ."

"ಲೇ, ಸುಮ್ಕಿರ್ಲಾ!" ಅಪ್ಪ ಗದರಿದ.

"ಹೋದ ತಿಂಗ್ಳು ಮಾರ್ಕೆಟ್ನಾಗೆ ಎದೆ ಹಿಡ್ಕಂಡು ಕುಂತ್ಬುಟ್ರು. ನಾಲ್ಗೆ ಕೆಳಗೆ ಮಾತ್ರೆ ಮಡಿಕ್ಕಂಡ್ರು. ಮಗಳಿಗೆ ಹೇಳ್ಬೇಡ ಅಂತ ನನ್ನತ್ರ ಆಣೆ ಹಾಕಿಸ್ಕಂಡ್ರು."

ಹಾಗೆನ್ನುತ್ತಲೇ ಅಪ್ಪನ ಚೀಲಕ್ಕೆ ಮೊಣಕೈವರೆಗೆ ಕೈ ಇಳಿಸಿದರು. ಪಂಚೆ, ಟವಲ್ಲುಗಳ ಅಡಿಯಿಂದ ಎರಡು ಮಾತ್ರೆಪಟ್ಟಿ ಬಂದವು. ಒಂದು ಎದೆನೋವಿನದು, ಇನ್ನೊಂದು ರಕ್ತ ತೆಳುಮಾಡುವುದು.

"ಇದನ್ನ ಇವತ್ತೂ ತಗೊಂಡ್ರಾ?" ಡಾಕ್ಟರ್ ದನಿ ಬದಲಾಯಿತು. ಅಪ್ಪ ಹೌದೆಂದು ತಲೆಯಾಡಿಸಿದ. ಆಪರೇಷನ್ ಅಲ್ಲಿಗೇ ನಿಂತಿತು.

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು. "ಯಾಕಪ್ಪಾ?" ಎಂದೆ.

"ಹೇಳಿದ್ರೆ ಡಾಕ್ಟ್ರು ಆಪರೇಷನ್ ಒಲ್ಲೆ ಅಂದ್ಬುಡೋರು ಕಣವ್ವ. ರೋಗ ಒಳಗೇ ಇರಾದು," ಎಂದ. ನನ್ನ ಕೈ ಹಿಡಿದುಕೊಂಡ. ಅಪ್ಪ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪರೀಕ್ಷೆಯಲ್ಲಿ ಹೃದಯದ ಎರಡು ರಕ್ತನಾಳ ಕಟ್ಟಿಕೊಂಡಿದ್ದು ಗೊತ್ತಾಯಿತು. ಅದರ ಚಿಕಿತ್ಸೆ ಮುಗಿದು, ಈಗ ಕ್ಯಾನ್ಸರಿಗೆ ಇಂಜೆಕ್ಷನ್, ರೇಡಿಯೇಷನ್ ನಡೆದಿದೆ. ಆಣೆ ಮುರಿದನೆಂದು ಅಪ್ಪ ಎರಡು ತಿಂಗಳು ಸುಹೇಲಣ್ಣನ ಫೋನ್ ಎತ್ತಲಿಲ್ಲ.

ಮುಂದಿನ ಬೆಳೆಗೆ ನಾನೇ ಅಪ್ಪನನ್ನು ಮಾರುಕಟ್ಟೆಗೆ ಕರೆದೊಯ್ದೆ. ಸುಹೇಲಣ್ಣ ನಮ್ಮ ತೊಟ್ಟಿಯ ಮುಂದೆ ನಿಂತರು, ಕೈ ಇಳಿಸಲು ಹಿಂಜರಿದರು. ಅಪ್ಪನೇ ಬಗ್ಗಿ ತಳದಿಂದ ಒಂದು ಹಿಡಿ ಕಲೆಗೂಡು ತೆಗೆದು ಅವರ ಅಂಗೈಗೆ ಹಾಕಿದ.

"ನೋಡ್ಕಳ್ಲಾ," ಎಂದ.