ಚೆಲ್ಲಿದ ನೀರನ್ನು ಅಳೆಯುವ ನೀರಜ್ಜಿ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯ ಹಿಂಬದಿಯ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಅಜ್ಜಿ ಬಾಟಲಿ ತೊಳೆಯುತ್ತಿದ್ದಾರೆ. ಉದ್ದ ಕತ್ತಿನದು, ಡೊಳ್ಳು ಹೊಟ್ಟೆಯದು, ಔಷಧಿಯದು, ಎಣ್ಣೆಯದು. ಯಾರ ಮನೆಯಲ್ಲಿ ಏನು ಖಾಲಿಯಾದರೂ ಬಂದು ಸೇರುವುದು ಇವರ ಬುಟ್ಟಿಗೇ. ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ತಳದಲ್ಲಿ ಜಿಡ್ಡು ಕಂಡರೆ ಮತ್ತೆ ಉಜ್ಜುತ್ತಾರೆ.

ಹೆಸರಿಗೆ ಇವರು ಕಸ ಗುಡಿಸುವ ಆಯಾ. ಎರಡನೇ ತರಗತಿಯ ಮಕ್ಕಳ ಬಾಯಲ್ಲಿ ಮಾತ್ರ ನೀರಜ್ಜಿ. ಅಲ್ಲಿನ ಟೀಚರ್ ಅಳತೆಯ ಪಾಠವನ್ನು ನೀರು ಸುರಿಸಿಯೇ ಕಲಿಸುತ್ತಾರೆ. ಕುಳ್ಳ ಡಬ್ಬಿಗೆ ಹೆಚ್ಚು ಹಿಡಿಯುತ್ತದೋ, ಉದ್ದ ಬಾಟಲಿಗೋ? ಮಕ್ಕಳು ಮೊದಲು ಪಂಥ ಕಟ್ಟಬೇಕು, ಆಮೇಲೆ ಲೋಟದಲ್ಲಿ ಸುರಿದು ನೋಡಬೇಕು. ನೀರು ಹೊತ್ತು ತರುವುದು, ಚೆಲ್ಲಿದ್ದನ್ನು ಬಳಿಯುವುದು ಅಜ್ಜಿಯ ಪಾಲು.

ಗಾರೆ ಕೆಲಸದ ಗಂಡ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅಜ್ಜಿ ಈ ಪೊರಕೆ ಹಿಡಿದವರು. ಇದರಲ್ಲೇ ಮಗಳನ್ನು ಬೆಳೆಸಿ ದಡ ಸೇರಿಸಿದರು. ಈಗ ಆ ಮಗಳದೇ ತಕರಾರು.

“ರಾತ್ರಿ ಎಲ್ಲ ಮಂಡಿ ಹಿಡ್ಕೊಂಡು ನರಳ್ತೀಯ. ಬಿಟ್ಟು ಮನೇಲಿರಬಾರದೇನಮ್ಮ?”

“ಮನೇಲಿದ್ರೆ ನಿನ್ನ ಬಾಯಿಗೆ ಸಿಕ್ಕಬೇಕಲ್ಲ ತಾಯಿ. ಅದಕ್ಕಿಂತ ಮಂಡಿನೋವೇ ವಾಸಿ!”

ಅಜ್ಜಿಯ ಕೆಲಸದಲ್ಲಿ ಒಂದು ವಿಶೇಷವಿದೆ. ನೆಲ ಒರೆಸಿದ ನೀರನ್ನು ಇವರು ಮೋರಿಗೆ ಹಿಂಡುವುದಿಲ್ಲ, ಬಾಟಲಿಗೆ ಹಿಂಡುತ್ತಾರೆ. ಹಿಂದೊಮ್ಮೆ ಬಕೆಟ್ ಕೈಗೆ ಸಿಗದೆ ಹಾಗೆ ಮಾಡಿದ್ದರು. ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಓಡಿಬಂದು, “ಎಷ್ಟು ವಾಪಸ್ ಬಂತು ಅಜ್ಜಿ?” ಎಂದಳು. ಅಂದಿನಿಂದ ಚೆಲ್ಲಿದ ನೀರಿಗೂ ಲೆಕ್ಕ ಹುಟ್ಟಿತು.

ಇಂದು ಮಾತ್ರ ಅಜ್ಜಿಯ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿದೆ. ಹೋದ ವಾರ ಒದ್ದೆ ನೆಲದಲ್ಲಿ ಹೆಡ್ ಮೇಡಂ ಅವರೇ ಜಾರಿ, ಬಾಗಿಲು ಹಿಡಿದು ಉಳಿದುಕೊಂಡಿದ್ದರು. “ಇನ್ನೊಂದು ಸಲ ನೆಲ ಒದ್ದೆಯಾದ್ರೆ ಈ ನೀರಾಟ ಬಂದ್. ಪುಸ್ತಕದಲ್ಲಿ ಚಿತ್ರ ಇದೆಯಲ್ಲ, ಅದನ್ನೇ ತೋರಿಸಿ” ಎಂದು ಖಡಾಖಂಡಿತವಾಗಿ ಹೇಳಿದ್ದಾರೆ. ಇಂದು ಪಾಠ ನೋಡಲು ಬರುವವರೂ ಅವರೇ. ಅಜ್ಜಿ ಬಾಗಿಲ ಬಳಿಯ ಮೇಜಿನ ಕೆಳಗೆಲ್ಲ ಗೋಣಿಚೀಲ ಹಾಸಿದ್ದಾರೆ.

ಆದರೂ ಆಗಬಾರದ್ದು ಆಗಿಯೇ ಹೋಗುತ್ತದೆ. ಮೇಡಂ ಒಳಗೆ ಕಾಲಿಡುವುದಕ್ಕೂ, ಒಬ್ಬನ ಮೊಣಕೈ ತಗುಲಿ ಆರು ಲೋಟ ನೀರು ತುಂಬಿದ ಡಬ್ಬಿ ಉರುಳುವುದಕ್ಕೂ ಸರಿಹೋಗುತ್ತದೆ. ನೀರು ಗೋಣಿಯನ್ನು ದಾಟಿ ಮೇಡಂ ಚಪ್ಪಲಿಯವರೆಗೂ ಹರಿಯುತ್ತದೆ. ಟೀಚರ್ ಮುಖ ಬಿಳಿಚಿಕೊಳ್ಳುತ್ತದೆ.

ಅಜ್ಜಿ ಬಟ್ಟೆಗೆ ಕೈ ಹಾಕುವಷ್ಟರಲ್ಲಿ ಮಕ್ಕಳೇ ಅದನ್ನು ಕಿತ್ತುಕೊಂಡಿರುತ್ತಾರೆ. ಇಬ್ಬರು ಒರೆಸುತ್ತಾರೆ, ಇಬ್ಬರು ಹಿಂಡುತ್ತಾರೆ, ಒಬ್ಬಳು ಲೋಟದ ಲೆಕ್ಕಕ್ಕೆ ಗೆರೆ ಹಾಕಿದ ಬಾಟಲಿಯನ್ನು ಅಲ್ಲಾಡದಂತೆ ಹಿಡಿಯುತ್ತಾಳೆ.

“ಚೆಲ್ಲಿದ್ದು ಆರು ಲೋಟ, ಬಂದಿದ್ದು ನಾಲ್ಕೇ!”

“ನೆಲ ಕುಡೀತು ಕಣೋ.”

“ಬಟ್ಟೇನೇ ಕಳ್ಳ. ಗೋಣೀನೂ ಕಳ್ಳ!”

“ಇವನ ಚಡ್ಡೀಲಿದೆ ಮೇಡಂ, ಹಿಂಡಿ ನೋಡೋಣ!”

ಗದರಲು ತೆರೆದ ಮೇಡಂ ಬಾಯಿ ಹಾಗೇ ನಿಲ್ಲುತ್ತದೆ. ಅವರು ಬಗ್ಗಿ ಬಾಟಲಿ ನೋಡುತ್ತಾರೆ, ಬೆರಳಿಂದ ನೆಲ ಮುಟ್ಟುತ್ತಾರೆ. ಗೋಣಿಯ ಮೂಲೆಯನ್ನು ತಾವೇ ಹಿಂಡಿ ನಾಲ್ಕು ಹನಿ ಬೀಳಿಸುತ್ತಾರೆ. ಮಕ್ಕಳು ಹೋ ಎನ್ನುತ್ತಾರೆ.

“ಬಾಗಿಲ ಹತ್ತಿರ ಬೇಡ. ನಾಳೆಯಿಂದ ಕಿಟಕಿ ಕಡೆ ಮಾಡಿ” ಎನ್ನುತ್ತಾರೆ ಮೇಡಂ, ನಗು ಅಡಗಿಸಿಕೊಂಡು. ಟೀಚರ್‌ಗೆ ಹೋದ ಜೀವ ಬಂದಂತಾಗುತ್ತದೆ.

ಹೊರಡುವಾಗ ಮೇಡಂ ಅಜ್ಜಿಯ ಪಕ್ಕದಲ್ಲಿ ನಿಂತು ಮೆಲ್ಲಗೆ ಕೇಳುತ್ತಾರೆ. “ನಿಮಗಾದ್ರೂ ಗೊತ್ತಿರಬೇಕಲ್ಲ ಅಜ್ಜಿ. ಮಿಕ್ಕ ಎರಡು ಲೋಟ ಎಲ್ಲಿ ಹೋಯ್ತು?”

ಅಜ್ಜಿ ಒದ್ದೆ ಕೈಯನ್ನು ಒರೆಸಿಕೊಳ್ಳುತ್ತಾ ತರಗತಿಯ ಕಡೆ ನೋಡುತ್ತಾರೆ.

“ಈಗ ಹೇಳಬಾರದು ಮೇಡಂ. ಮಕ್ಕಳು ಇನ್ನೂ ಹುಡುಕ್ತಾ ಇದ್ದಾರೆ.”