ಕರಿಮನೆಯ ಕಳ್ಳ

ತಂತಿಯಪ್ಪನವರಿಗೆ ಆ ಹೆಸರನ್ನು ಇಟ್ಟವರು ಯಾರೋ ತಿಳಿಯದು. ಊರಿನ ಸಂಗೀತ ಸಭಾಭವನದ ಕಾವಲುಗಾರನಿಂದ ಹಿಡಿದು ಅವರ ಹೆಂಡತಿಯ ತಂಗಿಯವರೆಗೆ ಎಲ್ಲರ ಬಾಯಲ್ಲೂ ಅದೇ ನಿಂತಿತ್ತು. ಮೊದಲು ಅವರು ಮರಗೆಲಸದವರು. ಯಾರೋ ಒಬ್ಬರು ಹಾರ್ಪ್ಸಿಕಾರ್ಡಿನ ಮುರಿದ ಕಾಲನ್ನು ಸರಿಮಾಡಿಸಲು ಅಂಗಡಿಗೆ ತಂದರಂತೆ. ಕಾಲು ಒಂದೇ ದಿನದಲ್ಲಿ ಸರಿಹೋಯಿತು. ಇವರು ಮಾತ್ರ ಆ ವಾದ್ಯವನ್ನು ಜನ್ಮಪೂರ್ತಿ ಬಿಡಲಿಲ್ಲ.

ಹಾರ್ಪ್ಸಿಕಾರ್ಡು ಪಿಯಾನೋದ ಅಜ್ಜಿಯಿದ್ದಂತೆ. ಪಿಯಾನೋದಲ್ಲಿ ಪುಟ್ಟ ಸುತ್ತಿಗೆ ತಂತಿಯನ್ನು ಹೊಡೆಯುತ್ತದೆ. ಇದರಲ್ಲಿ ಪುಟ್ಟ ಕೊಕ್ಕೊಂದು ತಂತಿಯನ್ನು ಮೀಟುತ್ತದೆ. ಸ್ವಭಾವ ಬಲು ಸೂಕ್ಷ್ಮ. ಕಿಟಕಿ ತೆರೆದರೂ ಶ್ರುತಿ ಕೆಡುತ್ತದೆ, ಮುಚ್ಚಿದರೂ ಕೆಡುತ್ತದೆ. "ಥೇಟ್ ನಮ್ಮತ್ತೆ ಕಣಯ್ಯ," ಎನ್ನುತ್ತಿದ್ದರು ತಂತಿಯಪ್ಪನವರು. ಹಾಗೆ ಬೈಯುತ್ತಲೇ ಮೂವತ್ತೊಂದು ವರ್ಷ ಆ ಭವನದ ಹಾರ್ಪ್ಸಿಕಾರ್ಡನ್ನು ಬರಿಯ ಕಿವಿಯಿಂದ ಶ್ರುತಿಗೊಳಿಸಿಕೊಂಡು ಬಂದಿದ್ದರು.

ಅದೇ ಭವನದ ಪಿಯಾನೋವನ್ನು ನೋಡಿಕೊಳ್ಳುತ್ತಿದ್ದವನು ಅವರ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಅವನ ಬಳಿ ಅಂಗೈಯಗಲದ ಯಂತ್ರವಿತ್ತು. ತಂತಿ ಮೀಟಿದರೆ ಅದರ ಮುಳ್ಳು ಅಲ್ಲಾಡಿ ಶ್ರುತಿಯನ್ನು ತೋರಿಸುತ್ತಿತ್ತು. ಹೊಸದಾಗಿ ಬಂದ ವ್ಯವಸ್ಥಾಪಕರಿಗೆ ಆ ಮುಳ್ಳು ಬಹಳ ಹಿಡಿಸಿಬಿಟ್ಟಿತ್ತು.

"ಈ ವಾರದ ಕಛೇರಿ ಆಗಲಿ," ಎಂದಿದ್ದರು ಅವರು. "ಎಲ್ಲಾ ಸರಿಯಾಗಿ ನಡೆದ್ರೆ ಹೀಗೇ ಇರಲಿ. ಎಡವಟ್ಟಾದ್ರೆ ಎರಡು ವಾದ್ಯಾನೂ ಒಬ್ಬರಿಗೇ ವಹಿಸ್ತೀನಿ."

ಆ ಒಬ್ಬರು ಯಾರೆಂದು ತಂತಿಯಪ್ಪನವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ವಾರದ ಕಛೇರಿ ಪಿಟೀಲು ಮತ್ತು ಹಾರ್ಪ್ಸಿಕಾರ್ಡುಗಳದು; ಮುನ್ನೂರು ವರ್ಷ ಹಳೆಯ, ಯುರೋಪಿನ ಬರೋಕ್ ಕಾಲದ ಸೊನಾಟಾಗಳು. ಅಂಥ ಕೃತಿಗಳಿಗೆ ಹಳೆಯ ಕ್ರಮದ ಶ್ರುತಿಯೇ ಬೇಕು. ಅದರಲ್ಲೊಂದು ತೊಡಕಿದೆ. ಕೆಲವು ಕರಿಮನೆಗಳನ್ನು, ಅಂದರೆ ಬೆರಳೊತ್ತುವ ಕಪ್ಪು ಪಟ್ಟಿಗಳ ಸ್ವರಗಳನ್ನು, ಒಂದು ಸೊನಾಟಾಕ್ಕೆ ಕೂದಲೆಳೆಯಷ್ಟು ಏರಿಸಬೇಕು, ಮತ್ತೊಂದಕ್ಕೆ ಇಳಿಸಬೇಕು. ಎರಡಕ್ಕೂ ಒಟ್ಟಿಗೆ ಹೊಂದಿಸಲಾಗದು. ತಂತಿಯಪ್ಪನವರು ಅಚ್ಚಾದ ಕಾರ್ಯಕ್ರಮಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಬೆಳಗ್ಗೆಯೇ ಶ್ರುತಿ ಮುಗಿಸಿದರು.

ಊಟ ಮುಗಿಸಿ ಬಂದು ನೋಡುತ್ತಾರೆ, ಒಂದು ಕರಿಮನೆ ಇಳಿದಿದೆ! ಬಿಸಿಲಿಗೋ ಚಳಿಗೋ ಕೆಟ್ಟಿದ್ದರೆ ಎಲ್ಲ ತಂತಿಗಳೂ ಅಷ್ಟಿಷ್ಟು ಕೆಡಬೇಕಾಗಿತ್ತು. ಇಲ್ಲಿ ಮೇಲಿನ ಸ್ಥಾಯಿಯಿಂದ ಕೆಳಗಿನವರೆಗೆ ಅದೊಂದೇ ಮನೆ ಒಂದೇ ಅಳತೆಯಲ್ಲಿ ಇಳಿದಿತ್ತು. ಕೈಯಾಡಿಸಿದವರು ಕಸುಬು ಬಲ್ಲವರೇ. ವೇದಿಕೆಯ ಇನ್ನೊಂದು ತುದಿಯಲ್ಲಿ ಷಡ್ಡಕ ಪಿಯಾನೋದೊಳಗೆ ತಲೆ ಹಾಕಿಕೊಂಡು ಏನೋ ಗುನುಗುತ್ತಿದ್ದ.

"ಏನಯ್ಯಾ, ಭಾರಿ ಖುಷಿಯಾಗಿದೀಯ?"

"ಮನೆಯಿಂದ ತಂದ ಬುತ್ತಿ ಚೆನ್ನಾಗಿತ್ತು ಅಣ್ಣಾ."

"ಇಷ್ಟೊತ್ತೂ ಇಲ್ಲೇ ಇದ್ಯಾ?"

"ಹೂಂ. ಯಾಕೆ, ಏನಾದ್ರೂ ಕಳೆದುಹೋಯ್ತಾ?"

"ಕಳೆದುಹೋಗ್ಲಿ ಅಂತ ಕಾಯ್ತಿರೋರು ಇದಾರಲ್ಲ," ಎಂದು ತಂತಿಯಪ್ಪನವರು ಮುಖ ತಿರುಗಿಸಿ, ಆ ಮನೆಯನ್ನು ಮೊದಲಿನಂತೆ ಏರಿಸಿದರು.

ಇನ್ನೊಂದು ದಿನವಾಗಿದ್ದರೆ ಅವರ ಬುದ್ಧಿ ಬೇರೆ ಕಡೆಗೆ ಹರಿಯುತ್ತಿತ್ತೇನೋ. ಅಂದು ತಲೆಗೆ ಹುಳ ಹೊಕ್ಕಿತ್ತು. ಚಹಾ ಕುಡಿಯಲು ಮನೆಗೆ ಹೋದಾಗ ಹೆಂಡತಿಯ ಮುಂದೆ ಎಲ್ಲವನ್ನೂ ಕಾರಿಕೊಂಡರು.

"ಬಾಯ್ಬಿಟ್ಟು ಕೇಳಬಾರದಾ ಅವನನ್ನ?" ಎಂದರು ಆಕೆ.

"ಕಳ್ಳನ್ನ ಕೇಳಿದ್ರೆ ಹೌದು ಅಂತಾನಾ?"

"ನೀವು ಕಿವಿ ನಂಬಿ ಬದುಕಿದೋರು. ಈಗ ಬರೀ ಕಣ್ಣು ಕೆಂಪು ಮಾಡ್ಕೊಂಡು ಕೂತಿದೀರಿ."

ನಾಲ್ಕು ಗಂಟೆಗೆ ಮರಳಿದರೆ ಕರಿಮನೆ ಮತ್ತೆ ಇಳಿದಿತ್ತು. ತಂತಿಯಪ್ಪನವರ ಮೈಯೆಲ್ಲ ಉರಿದುಹೋಯಿತು. ಮತ್ತೆ ಏರಿಸಿದರು, ಮುಚ್ಚಳ ಹಾಕಿ ಬೀಗ ಜಡಿದರು, ಬೀಗದ ಕೈಯನ್ನು ಒಳಜೇಬಿಗೆ ಸೇರಿಸಿದರು. ಪ್ರೇಕ್ಷಕರು ಒಳಬರುವವರೆಗೂ ವಾದ್ಯದ ಪಕ್ಕದಲ್ಲೇ ಕುಳಿತಿದ್ದು, ಕಲಾವಿದರು ವೇದಿಕೆಗೆ ಹತ್ತುವ ಹೊತ್ತಿಗೆ ಬೀಗ ತೆಗೆದು, ಹಿಂದಿನ ಸಾಲಿನಲ್ಲಿ ಷಡ್ಡಕನ ಪಕ್ಕಕ್ಕೇ ಹೋಗಿ ಕುಳಿತರು. ಅವನ ಕೈಗಳ ಮೇಲೆ ಕಣ್ಣಿರಬೇಕಲ್ಲ!

ಮೊದಲ ಸೊನಾಟಾ ಚೆನ್ನಾಗಿಯೇ ನಡೆಯಿತು. ಅದರಲ್ಲಿ ಆ ಕರಿಮನೆಗೆ ಕೆಲಸವೇ ಇರಲಿಲ್ಲ. ಎರಡನೆಯದು ನಿಧಾನವಾಗಿ ಆರಂಭವಾಯಿತು. ಪಿಟೀಲು ನೀಳವಾದ ಸ್ವರವೊಂದನ್ನು ಹಿಡಿದು ನಿಂತಿತು; ಕೆಳಗಿನಿಂದ ಹಾರ್ಪ್ಸಿಕಾರ್ಡು ಬಂದು ಅದನ್ನು ಸೇರಿತು. ಸೇರಿದ್ದೇ ತಡ, ತುಕ್ಕು ಹಿಡಿದ ಬಾಗಿಲು ಕಿರುಗುಟ್ಟಿದಂಥ ಸದ್ದು! ಇನ್ನೆರಡು ಸಾಲು ಮುಂದೆ ಹೋದಾಗ ಮತ್ತೆ ಅದೇ. ಪಿಟೀಲುಗಾರ ಕಮಾನನ್ನು ಇಳಿಸಿ ನಸುನಕ್ಕು, "ವಾದ್ಯ ಸ್ವಲ್ಪ ಸುಧಾರಿಸ್ಕೊಳ್ಬೇಕಂತೆ. ಬಿಡುವು ಈಗಲೇ ತಗೊಳ್ಳೋಣ," ಎಂದ.

ತಂತಿಯಪ್ಪನವರು ಓಡಿದರು. ಹಿಂದೆಯೇ ಷಡ್ಡಕ, ಅವನ ಹಿಂದೆ ವ್ಯವಸ್ಥಾಪಕರು.

ಹಾರ್ಪ್ಸಿಕಾರ್ಡು ನುಡಿಸುತ್ತಿದ್ದ ಹೆಣ್ಣುಮಗಳು ಕಂಗಾಲಾಗಿದ್ದಳು. "ಪಟ್ಟಿಯಲ್ಲಿದ್ದ ಎರಡನೇ ಸೊನಾಟಾ ಬಿಟ್ಟು ಬೇರೆದು ತಗೊಂಡ್ವಿ. ಅದಕ್ಕೆ ಈ ಮನೆ ಇಳಿಸಿರಬೇಕು. ಹಿರಿಯರ ಕೆಲಸಕ್ಕೆ ಕೈ ಹಾಕ್ದೆ ಅಂತ ಅವರಿಗೆ ಬೇಜಾರಾಗಬಾರದು ಅಂತ, ಯಾರಿಗೂ ಹೇಳ್ದೆ ನಾನೇ ಎರಡು ಸಲ ಇಳಿಸ್ದೆ. ಯಾರೋ ಮತ್ತೆ ಏರಿಸಿದಾರೆ!"

ವ್ಯವಸ್ಥಾಪಕರ ನೋಟ ನೇರವಾಗಿ ಷಡ್ಡಕನ ಕೈಯಲ್ಲಿದ್ದ, ತಂತಿ ಬಿಗಿಯುವ ಶ್ರುತಿಕೀಲಿಯ ಮೇಲೆ ಬಿತ್ತು. "ಮಧ್ಯಾಹ್ನವೆಲ್ಲಾ ಇಲ್ಲಿ ಇದ್ದದ್ದು ನೀವಲ್ವೇನ್ರೀ?"

ಷಡ್ಡಕನ ಮುಖ ಬಿಳಿಚಿತು. "ನಾನು ಪಿಯಾನೋ ಬಿಟ್ಟು ಕದಲಿಲ್ಲ ಸಾರ್... ಇವರು ಬಂದು ಮೀಟ್ತಿದ್ದದ್ದು ಕೇಳಿಸ್ತು, ಅಭ್ಯಾಸ ಮಾಡ್ತಿದಾರೆ ಅಂದ್ಕೊಂಡೆ."

ತಂತಿಯಪ್ಪನವರು ಸುಮ್ಮನಿದ್ದರೆ ಸಾಕಾಗಿತ್ತು. ಮೂವತ್ತೊಂದು ವರ್ಷದ ಕೆಲಸ ಉಳಿಯುತ್ತಿತ್ತು, ಪ್ರತಿಸ್ಪರ್ಧಿಯೂ ತೊಲಗುತ್ತಿದ್ದ. ಆದರೆ ಬೆಳಗಿನಿಂದ ತಾವು ಷಡ್ಡಕನನ್ನು ನೋಡಿದ್ದು ಇದೇ ಕಣ್ಣಿನಿಂದಲ್ಲವೇ? ಅದನ್ನು ಇನ್ನೊಬ್ಬರ ಮುಖದಲ್ಲಿ ಕಂಡಾಗ ಅವರಿಗೆ ನಾಚಿಕೆಯಾಯಿತು.

"ಅವನಲ್ಲ ಸಾರ್. ನಾನು," ಎಂದರು. "ಎರಡು ಸಲವೂ ಏರಿಸಿದ್ದು ನಾನೇ. ಇವನು ನನ್ನ ಹೆಸರು ಕೆಡಿಸ್ತಿದಾನೆ ಅಂದ್ಕೊಂಡೆ. ಕೇಳೋ ಬಾಯಿ ಇದ್ದೂ ಕೇಳ್ಲಿಲ್ಲ."

ತಂತಿಯಪ್ಪನವರು ಬಗ್ಗಿ ತಮ್ಮ ಶ್ರುತಿಕೀಲಿಯನ್ನು ತಂತಿಯ ಬಿರಡೆಗೆ ಸಿಕ್ಕಿಸಿದರು. "ಕೂತ್ಕೊಳಯ್ಯಾ. ಆ ಮನೆ ಒತ್ತುತ್ತಾ ಇರು, ನಾನು ಹೇಳೋವರೆಗೂ ನಿಲ್ಲಿಸಬೇಡ," ಎಂದರು. ಷಡ್ಡಕ ಯಂತ್ರವನ್ನು ಬದಿಗಿಟ್ಟು ಒತ್ತುತ್ತಾ ಹೋದ. ಹತ್ತು ನಿಮಿಷಗಳಲ್ಲಿ ಕೆಲಸ ಮುಗಿಯಿತು. ಬಿಡುವಿನ ನಂತರ ಅದೇ ಸೊನಾಟಾವನ್ನು ಮೊದಲಿನಿಂದ ನುಡಿಸಿದರು. ಪಿಟೀಲಿನ ನೀಳ ಸ್ವರದ ಕೆಳಗೆ ಕರಿಮನೆ ಸದ್ದಿಲ್ಲದೆ ಬಂದು ಸೇರಿಕೊಂಡಿತು.

ಕಛೇರಿ ಮುಗಿದ ಮೇಲೆ ವ್ಯವಸ್ಥಾಪಕರು ಷಡ್ಡಕನನ್ನು ಪಕ್ಕಕ್ಕೆ ಕರೆದರು. ಎರಡು ಮಾತಾಯಿತು. ಅವನು ತಲೆಯಾಡಿಸಿ ಹೊರಗೆ ಬಂದ.

"ಏನಂದ್ರು?"

"ಹಾರ್ಪ್ಸಿಕಾರ್ಡೂ ನೀವೇ ನೋಡ್ಕೊಳ್ಳಿ ಅಂದ್ರು. ನಂಗೆ ಬೇಡ ಅಂದೆ. ಹಾಗಿದ್ರೆ ಅವರೇ ಇರಲಿ ಬಿಡಿ ಅಂದ್ರು."

ತಂತಿಯಪ್ಪನವರ ಹುಬ್ಬು ಗಂಟಿಕ್ಕಿತು. ಈ ಸಲ ಮಾತ್ರ ಅವರು ಮನಸ್ಸಿನೊಳಗೇ ಇಟ್ಟುಕೊಂಡು ಕೊರಗಲಿಲ್ಲ.

"ಯಾಕಯ್ಯಾ ಬೇಡ ಅಂದೆ? ನಿಜ ಹೇಳು."

"ಅದಕ್ಕೆ ಕೈ ಹಾಕಿದ್ರೆ ನೀವು ಜನ್ಮಪೂರ್ತಿ ನನ್ನ ಬೆನ್ನ ಹಿಂದೇನೇ ಕೂತಿರ್ತೀರಲ್ಲ ಅಣ್ಣಾ. ಅಷ್ಟು ಧೈರ್ಯ ನಂಗಿಲ್ಲ!"