ಗಾಡ್ಯಾಗ ಕ್ಯಾಬೇಜ್ ಗಡ್ಡಿ

ಬೆಳಗಾವಿ ಅಂಗಡ್ಯಾಗ ಕೂಸಿನ ಗಾಡಿ ಆರಿಸೂವಾಗ ನಾ ಭಾಳ ಶಾಣ್ಯಾಕಿ ಆಗಿದ್ದೆ. ಬೆಲ್ಟ್ ಜಗ್ಗಿ ನೋಡಿದೆ, ಬ್ರೇಕ್ ಒತ್ತಿ ನೋಡಿದೆ, ನೆರಳಿನ ಛತ್ರಿ ಬಿಚ್ಚಿ ಮಡಚಿ ನೋಡಿದೆ. ಗಾಲಿ ಮಾತ್ರ ನೋಡಲಿಲ್ಲ. ಅಂಗಡಿ ಫರಸಿ ಮ್ಯಾಲೆ ಸುರಳೀತ ಓಡಿದ ಅಂಗೈಯಷ್ಟ ಗಾಲಿ, ಬೈಲಹೊಂಗಲದ ನಮ್ಮ ಓಣ್ಯಾಗ ಗಟಾರದ ಕಲ್ಲಿಗೆ ಸಿಕ್ಕೊಂಡು ನಿಂತಬಿಡತು. ಹಿಂದ ಕಬ್ಬಿನ ಟ್ರ್ಯಾಕ್ಟರ್‌ನವ ಒಂದ ಸವನ ಹಾರ್ನ್ ಹೊಡ್ಯಾಕ ಹತ್ತಿದ್ದ.

"ಅತ್ತೀರಿ, ನಿಮ್ಮ ನಡಾ ನೋಯಬಾರದಂತ ತಂದೇನ್ರಿ" ಅಂದಿದ್ದೆ. ಸುಳ್ಳು. ನಾ ಕಾಲೇಜಿಗೆ ಕಲಿಸಾಕ ಹೋದ್ರ ಮಗಳು ಇಡೀ ದಿನಾ ನಮ್ಮ ಅತ್ತಿ ಹಂತ್ಯಾಕನ. ಅವರ ಕೈ ಆಗಾಗ ನಡಗತಿದ್ವು. ಚಾದ ಕಪ್ಪು ಬಶಿ ಮ್ಯಾಲೆ ಕಟಕಟ ಅಂತಿತ್ತು. ಕೂಸಿನ್ನ ಕೆಡವ್ಯಾರಂತ ನನಗ ಅಂಜಿಕಿ. ಹೇಳೂ ಧೈರ್ಯ ಇಲ್ಲದ್ದಕ್ಕ ಗಾಡಿ ತಂದೆ.

ನಮ್ಮ ಕಡೆ ಖಾಲಿ ತೊಟ್ಟಿಲಾ ತೂಗಬಾರದು, ಕೂಸಿಗೆ ಒಳ್ಳೇದಲ್ಲ ಅಂತಾರ. ಅತ್ತಿ ಅದನ್ನ ಗಾಡಿಗೂ ಹಚ್ಚಿದ್ರು. ಒಂದಿನ ಸಂಜಿಮುಂದ ನಾ ಬಸ್ಸಿಳದು ಬರೂದ್ರಾಗ ಅತ್ತಿ ಓಣ್ಯಾಗ ಗಾಡಿ ದೂಡಕೋಂತ ಹೊಂಟಿದ್ರು, ಮಗಳು ಅವರ ಬಗಲಾಗ ಕುಂತಿದ್ಲು. ಗಾಡ್ಯಾಗ ಒಂದು ಕ್ಯಾಬೇಜ್ ಗಡ್ಡಿ, ಅದಕ್ಕ ಬೆಲ್ಟ್ ಬ್ಯಾರೆ! ಕಟ್ಟೀ ಮ್ಯಾಲೆ ಕುಂತ ಹೆಣ್ಣಮಕ್ಕಳು, "ಯವ್ವಾ, ಮೊಮ್ಮಗಳು ಎಷ್ಟ ಹಸರಾಗ್ಯಾಳ ನೋಡ್ರೆ!" ಅಂತ ನಗಾಕ ಹತ್ತಿದ್ರು. ಅತ್ತೀನೂ ನಗತಿದ್ರು.

ನನಗ ಎಲ್ಲಿತ್ತೋ ಸಿಟ್ಟು. "ಗಾಡಿ ಯಾತಕ್ಕ ತಂದೇನ್ರಿ? ನಿಮ್ಮ ಕೈ ನಡಗತಾವ, ಕೂಸು ಬಿದ್ರ ಏನ್ ಮಾಡೂದ್ರಿ?" ಅಂತ ಎಲ್ಲಾರ ಮುಂದ ಒದರಿದೆ.

ನಗಿ ನಿಂತು ಹೋತು. ಅತ್ತಿ ಕ್ಯಾಬೇಜ್ ತಗದ್ರು, ಮಗಳ್ನ ಕುಂಡ್ರಿಸಿ ಬೆಲ್ಟ್ ಹಾಕಿದ್ರು, ಒಮ್ಮೆ ಜಗ್ಗಿ ನೋಡಿದ್ರು. ಗಾಡಿ ದೂಡಕೋಂತ ಮನೀ ಕಡೆ ನಡದ್ರು. ನನ್ನ ಬಾಯಿಗಿಷ್ಟು ಬೆಂಕಿ ಬೀಳಲಿ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತ ಹುಡುಗ್ರಿಗೆ ಪಾಠಾ ಹೇಳಾಕಿ ನಾನ.

ಆವತ್ತಿನಿಂದ ಅತ್ತಿ ಮಗಳ್ನ ಎತ್ಕೊಂಡಿಲ್ಲ. ಉಣಸ್ತಾರ, ಹಾಡ್ತಾರ, ಎಲ್ಲಾ ನೆಲದ ಮ್ಯಾಲೆ ಕುಂತ. ಅಕಿ ಎರಡೂ ಕೈ ಮ್ಯಾಲ ಮಾಡಿದ್ರ ಇವರು ಕೈ ಸೆರಗಿನಾಗ ಮುಚ್ಚಿಕೊಂತಾರ. "ತಪ್ಪಾತ್ರಿ ಅತ್ತೀರಿ, ಎತ್ಕೋರಿ" ಅಂತ ಕಾಲ ಹಿಡದೆ. "ಖರೇನ ಹೇಳೀದಿ ಬಿಡವಾ" ಅಂದ್ರು. ಬೈದಿದ್ರ ಚಲೋ ಇತ್ತು.

ನಿನ್ನೆ ಮಗಳು ಅವರ ಸೀರಿ ಹಿಡಕೊಂಡು ಬಿಡಲೇ ಇಲ್ಲ, ಅತ್ತು ಅತ್ತು ಬಿಕ್ಕಾಕ ಹತ್ತಿದ್ಲು. ಅತ್ತಿ ನನ್ನ ಕರದ್ರು. "ಇಲ್ಲಿ ಬಾ. ಕೂಸಿನ ಕೆಳಗ ನೀ ಕೈ ಹಿಡಿ, ನಾ ಎತ್ಕೊಂತೇನಿ."

ಹಿಡದೆ. ಮಗಳು ಅವರ ಹೆಗಲಿಗೆ ಮುಖಾ ಒತ್ತಿ ಸುಮ್ಮನಾದ್ಲು. ಅತ್ತಿ ಕೈ ಗಟ್ಟಿ ಇದ್ವು.

"ಇನ್ನ ನಾ ಕೈ ತಗೀಲೇನ್ರಿ?"

"ಬ್ಯಾಡವಾ, ಹಿಡಕೊಂಡ ನಿಂದ್ರು" ಅಂದ್ರು. "ಈಗ ನನಗೂ ಅಂಜಿಕಿ ಬರತೈತಿ."